ಐವತ್ತು ಅಂಕಗಳ ಸೋಲು ಎಲ್ಲಿ ಹುಟ್ಟುತ್ತದೆ: ಸಣ್ಣ ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದೊಡನೆ ನನ್ನ ಅನುಭವ

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸಣ್ಣ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅದರ ಜೊತೆಗೆ ಹಲವು ವರ್ಷಗಳಿಂದ ಅಲ್ಲಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಸಹಾಯಕ ತರಬೇತುದಾರಳಾಗಿ ಅಂಕಿ-ಅಂಶಗಳನ್ನೂ ಪಂದ್ಯಗಳ ವೇಳಾಪಟ್ಟಿಯನ್ನೂ ನೋಡಿಕೊಳ್ಳುತ್ತಿದ್ದೇನೆ. ನಾನು ಸೇರಿದ ಕಾಲಕ್ಕೆ ನಮ್ಮ ತಂಡ ನಲವತ್ತು, ಐವತ್ತು ಅಂಕಗಳ ಅಂತರದಲ್ಲಿ ಸೋಲುವುದು ಅಪರೂಪದ ಸಂಗತಿಯಾಗಿರಲಿಲ್ಲ. ಅಂಥ ಸೋಲಿನ ಮರುದಿನ ಆಟಗಾರ್ತಿಯರಿಗೆ ಶ್ರಮ ಸಾಲದು ಎಂದು ಹೇಳುವುದು ಸುಲಭ. ಆದರೆ ಅಂಕಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತ ಹೋದಾಗ ನನಗೆ ಖಚಿತವಾದದ್ದು ಬೇರೆಯೇ: ಆ ಅಂತರದ ಬಹುಭಾಗ ಚೆಂಡನ್ನು ಮೇಲಕ್ಕೆ ಎಸೆಯುವ ಮೊದಲೇ, ಆಟಗಾರ್ತಿಯರ ಪಟ್ಟಿ ಮತ್ತು ಪಂದ್ಯಗಳ ವೇಳಾಪಟ್ಟಿ ಸಿದ್ಧವಾಗುವಾಗಲೇ ನಿರ್ಧಾರವಾಗಿರುತ್ತದೆ. ಉಳಿದ ಭಾಗ ಒಂದೆರಡು ನಿರ್ದಿಷ್ಟ ಕಾರಣಗಳಿಂದ ಬರುತ್ತದೆ, ಮತ್ತು ಅವುಗಳನ್ನು ತಿದ್ದಲು ಸಾಧ್ಯವಿದೆ.

ಹಿನ್ನೆಲೆ ತಿಳಿಯದವರಿಗಾಗಿ ಒಂದು ಮಾತು. ಇಲ್ಲಿನ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆ 1973ರಲ್ಲಿ ತನ್ನ ಸದಸ್ಯ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿತು. ಮೂರನೆಯ ಡಿವಿಷನ್ನಿನಲ್ಲಿ ನಾನೂರಕ್ಕೂ ಹೆಚ್ಚು ಕಾಲೇಜುಗಳಿವೆ, ಅಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ವಿದ್ಯಾರ್ಥಿವೇತನವೇ ಇಲ್ಲವೆಂದ ಮೇಲೆ ಎಲ್ಲರೂ ಸಮಬಲರಾಗಿರಬೇಕಲ್ಲವೇ ಎಂದು ಕೇಳುವವರಿದ್ದಾರೆ. ವಾಸ್ತವದಲ್ಲಿ ಒಂದು ಕಾಲೇಜಿನಲ್ಲಿ ಪೂರ್ಣಾವಧಿ ತರಬೇತುದಾರರು ಇಬ್ಬರು ಮೂವರಿರುತ್ತಾರೆ, ಇನ್ನೊಂದರಲ್ಲಿ ಮುಖ್ಯ ತರಬೇತುದಾರರೇ ಕಚೇರಿಯ ಬೇರೊಂದು ಕೆಲಸವನ್ನೂ ಹೊತ್ತಿರುತ್ತಾರೆ. ಹೆಸರುವಾಸಿ ವಿಶ್ವವಿದ್ಯಾಲಯವೊಂದಕ್ಕೆ ದೇಶದ ಎಲ್ಲೆಡೆಯಿಂದ ಅರ್ಜಿಗಳು ಬರುತ್ತವೆ, ನಮ್ಮಂಥ ಕಾಲೇಜು ಸುತ್ತಲಿನ ಕೆಲವೇ ಜಿಲ್ಲೆಗಳ ಪ್ರೌಢಶಾಲೆಗಳನ್ನು ನೆಚ್ಚಿಕೊಂಡಿರುತ್ತದೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ನ್ಯಾನ್ಸಿ ಫಾಹಿ ಅವರ ತರಬೇತಿಯಲ್ಲಿ 1998ರಿಂದ 2001ರವರೆಗೆ ಸತತ ನಾಲ್ಕು ಬಾರಿ ಈ ಡಿವಿಷನ್ನಿನ ಮಹಿಳಾ ಚಾಂಪಿಯನ್ ಆಯಿತು, ಆ ಅವಧಿಯಲ್ಲಿ ಸತತ 81 ಪಂದ್ಯಗಳನ್ನು ಗೆದ್ದಿತು. ಆಮ್‌ಹರ್ಸ್ಟ್ ಕಾಲೇಜು 2017 ಮತ್ತು 2018ರಲ್ಲಿ, ನ್ಯೂಯಾರ್ಕ್ ವಿಶ್ವವಿದ್ಯಾಲಯ 2024 ಮತ್ತು 2025ರಲ್ಲಿ ಒಂದೂ ಪಂದ್ಯ ಸೋಲದೆ ಪ್ರಶಸ್ತಿ ಪಡೆದವು. ಆದರೂ ನ್ಯೂಯಾರ್ಕ್ ತಂಡ 2024ರ ಫೈನಲ್ಲನ್ನು ಸ್ಮಿತ್ ಕಾಲೇಜಿನ ವಿರುದ್ಧ ಗೆದ್ದದ್ದು 51–41ರಿಂದ. ಅದರ ಹಿಂದಿನ ವರ್ಷ ಟ್ರಾನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಕ್ರಿಸ್ಟೋಫರ್ ನ್ಯೂಪೋರ್ಟ್ ತಂಡವನ್ನು ಮಣಿಸಿದ್ದು 57–52ರಿಂದ. ಶಿಖರದಲ್ಲಿರುವವರು ಪರಸ್ಪರ ಆಡಿದಾಗ ಪಂದ್ಯ ಪಂದ್ಯದಂತೆಯೇ ಇರುತ್ತದೆ. ಏಕಪಕ್ಷೀಯ ಅಂಕಗಳು ಕಾಣುವುದು ನವೆಂಬರಿನಿಂದ ಫೆಬ್ರವರಿಯವರೆಗಿನ ಸಾಧಾರಣ ವಾರಗಳಲ್ಲಿ, ಶಿಖರದವರು ನಮ್ಮಂಥವರ ಊರಿಗೆ ಬಂದಾಗ.

ನಾನು ಮೊದಲು ಮಾಡಿದ ಕೆಲಸ, ಅಂತರವನ್ನು ಸರದಿಗಳ ಲೆಕ್ಕಕ್ಕೆ ಇಳಿಸಿದ್ದು. ಒಂದು ತಂಡದ ಕೈಗೆ ಚೆಂಡು ಬಂದು ಮತ್ತೆ ಎದುರಾಳಿಗೆ ಹೋಗುವವರೆಗಿನ ಅವಧಿಯನ್ನು ಒಂದು ಸರದಿ ಎನ್ನೋಣ. ಬುಟ್ಟಿಗೆ ಎಸೆದ ಒಟ್ಟು ಪ್ರಯತ್ನಗಳಿಂದ, ತಪ್ಪಿದ ಮೇಲೆ ತಾವೇ ಮತ್ತೆ ಹಿಡಿದ ರಿಬೌಂಡ್‌ಗಳನ್ನು ಕಳೆದು, ಟರ್ನ್‌ಓವರ್‌ಗಳನ್ನು (ಎಸೆಯುವ ಮೊದಲೇ ಚೆಂಡು ಎದುರಾಳಿಯ ಪಾಲಾದ ಸಲಗಳನ್ನು) ಕೂಡಿಸಿ, ಫೌಲಿಗೆ ಪ್ರತಿಯಾಗಿ ಅಡ್ಡಿಯಿಲ್ಲದೆ ಎಸೆಯುವ ಫ್ರೀ ಥ್ರೋಗಳ ಸಂಖ್ಯೆಯನ್ನು 0.475ರಿಂದ ಗುಣಿಸಿ ಸೇರಿಸಿದರೆ ಸರದಿಗಳ ಸಂಖ್ಯೆ ಸಾಕಷ್ಟು ನಿಖರವಾಗಿ ಸಿಗುತ್ತದೆ. ನಂತರ ಬ್ಯಾಸ್ಕೆಟ್‌ಬಾಲ್ ಅಂಕಿ-ಅಂಶಗಳ ತಜ್ಞ ಡೀನ್ ಆಲಿವರ್ ರೂಢಿಗೆ ತಂದ ನಾಲ್ಕು ಅಂಶಗಳನ್ನು, ಅಂದರೆ ಎಸೆತದ ಯಶಸ್ಸು, ಟರ್ನ್‌ಓವರ್, ಆಕ್ರಮಣದಲ್ಲಿನ ರಿಬೌಂಡ್ ಮತ್ತು ಫ್ರೀ ಥ್ರೋ, ಪ್ರತಿ ದೊಡ್ಡ ಸೋಲಿಗೂ ಪ್ರತ್ಯೇಕವಾಗಿ ಲೆಕ್ಕ ಹಾಕಿದೆ. ಸಾಮಾನ್ಯ ಪಂದ್ಯಗಳಲ್ಲಿ ಎಸೆತದ ಯಶಸ್ಸೇ ಎಲ್ಲಕ್ಕಿಂತ ಹೆಚ್ಚು ತೂಗುತ್ತದೆ, ನಮ್ಮ ದೊಡ್ಡ ಸೋಲುಗಳಲ್ಲಿ ಟರ್ನ್‌ಓವರ್ ಅದನ್ನು ಹಿಂದಿಕ್ಕಿತ್ತು. ಉದಾಹರಣೆಗೆ ಎರಡೂ ತಂಡಗಳಿಗೆ ತಲಾ 78 ಸರದಿಗಳು ಸಿಕ್ಕಿ, ನಾವು 32 ಬಾರಿಯೂ ಅವರು 14 ಬಾರಿಯೂ ಎಸೆಯುವ ಮೊದಲೇ ಚೆಂಡು ಕಳೆದುಕೊಂಡರೆ, ನಮಗೆ ಉಳಿಯುವುದು 46 ಅವಕಾಶ, ಅವರಿಗೆ 64. ಪ್ರತಿ ಅವಕಾಶಕ್ಕೆ ಇಬ್ಬರೂ 1.1 ಅಂಕ ಗಳಿಸುವಷ್ಟು ಸಮಾನ ಗುರಿಕಾರರೆಂದು ಇಟ್ಟುಕೊಂಡರೂ ಅಂತರ ಇಪ್ಪತ್ತು ಅಂಕ. ಇದಕ್ಕೆ, ಕಸಿದ ಚೆಂಡಿನೊಡನೆ ಓಡಿ ಯಾರ ಅಡ್ಡಿಯೂ ಇಲ್ಲದೆ ಹಾಕುವ ಲೇಅಪ್‌ಗಳನ್ನು ಸೇರಿಸಿದರೆ ಸಂಖ್ಯೆ ಎಲ್ಲಿಗೆ ಹೋಗುತ್ತದೆಂದು ಊಹಿಸಬಹುದು.

ಈ ಟರ್ನ್‌ಓವರ್‌ಗಳ ಮೂಲ ಪೂರ್ಣ ಅಂಗಳದ ಪ್ರೆಸ್, ಅಂದರೆ ಚೆಂಡು ಆಟಕ್ಕೆ ಬಂದ ಕ್ಷಣದಿಂದಲೇ ಅಂಗಳದುದ್ದಕ್ಕೂ ಎದುರಾಳಿಯನ್ನು ಮುತ್ತಿಕೊಳ್ಳುವ ರಕ್ಷಣೆ. ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ 2013–14ರಿಂದ ಹತ್ತು ಸೆಕೆಂಡಿನೊಳಗೆ ಚೆಂಡನ್ನು ಅರ್ಧರೇಖೆ ದಾಟಿಸಬೇಕೆಂಬ ನಿಯಮವಿದೆ. ಚೆಂಡು ಒಯ್ಯಬಲ್ಲವಳು ಒಬ್ಬಳೇ ಇರುವ ತಂಡಕ್ಕೆ ಈ ಹತ್ತು ಸೆಕೆಂಡು ದೊಡ್ಡ ಪರೀಕ್ಷೆ, ಏಕೆಂದರೆ ಎದುರಾಳಿ ಅವಳ ಮೇಲೆ ಇಬ್ಬರನ್ನು ಬಿಟ್ಟ ಕೂಡಲೇ ಉಳಿದ ನಾಲ್ವರಲ್ಲಿ ಯಾರೂ ಚೆಂಡು ಕೇಳುವ ಧೈರ್ಯ ಮಾಡುವುದಿಲ್ಲ. ಹೀಗಾಗಿ ಅಭ್ಯಾಸದ ಅವಧಿಯ ಮೂರನೆಯ ಒಂದು ಭಾಗವನ್ನು ಪ್ರೆಸ್ ದಾಟುವುದಕ್ಕೇ ಮೀಸಲಿಡೋಣ ಎಂದು ಮುಖ್ಯ ತರಬೇತುದಾರರನ್ನು ಕೇಳಿಕೊಂಡೆ, ಅವರು ಒಪ್ಪಿದರು. ಐವರ ವಿರುದ್ಧ ಏಳು ಮಂದಿಯನ್ನು ನಿಲ್ಲಿಸಿ ಅಭ್ಯಾಸ ಮಾಡಿಸಿದೆವು. ಆ ಇಬ್ಬರು ಹೆಚ್ಚುವರಿ ಆಟಗಾರರು ಕಾಲೇಜಿನ ಹುಡುಗರು, ಸ್ವಇಚ್ಛೆಯಿಂದ ಬರುತ್ತಿದ್ದರು. ಎತ್ತರದ ಸೆಂಟರ್ ಆಟಗಾರ್ತಿಯನ್ನು ಅಂಗಳದ ನಡುವೆ ನಿಲ್ಲಿಸಿ, ಚೆಂಡು ಒಯ್ಯುವ ಗಾರ್ಡ್ ಸಿಕ್ಕಿಬಿದ್ದ ಕ್ಷಣವೇ ಅವಳತ್ತ ಪಾಸ್ ಹೋಗಬೇಕೆಂದು, ಅವಳು ಚೆಂಡನ್ನು ನೆಲಕ್ಕೆ ತಟ್ಟದೆ ಮುಂದಿನ ಪಾಸ್ ಕೊಡಬೇಕೆಂದು ತಿದ್ದಿದೆವು. ಇನ್ನೊಂದು ಕಠಿಣ ಪಾಠವನ್ನೂ ಕಲಿಸಿದೆವು: ದಾರಿಯೇ ಕಾಣದಿದ್ದರೆ ಗುಂಪಿನ ನಡುವೆ ಪಾಸ್ ಎಸೆಯುವುದಕ್ಕಿಂತ ಚೆಂಡು ಗೆರೆಯಾಚೆ ಹೋಗುವುದೇ ಮೇಲು. ಎರಡೂ ಟರ್ನ್‌ಓವರ್‌ಗಳೇ, ಆದರೆ ಆಟ ನಿಂತರೆ ನಮ್ಮ ಐವರು ಹಿಂದಿರುಗಿ ರಕ್ಷಣೆಗೆ ನಿಲ್ಲಬಹುದು, ಕಸಿಯಲು ಬಿಟ್ಟರೆ ಎರಡು ಅಂಕ ಬಿಟ್ಟುಕೊಟ್ಟಂತೆ. ಅಂಕಪಟ್ಟಿಯಲ್ಲಿ ಈ ಎರಡು ಬಗೆಯನ್ನು ನಾನು ಬೇರೆಬೇರೆಯಾಗಿ ಬರೆದುಕೊಳ್ಳಲು ಆರಂಭಿಸಿದ ಮೇಲೆ, ಆಟಗಾರ್ತಿಯರೇ ಪಂದ್ಯದ ನಂತರ ಬಂದು ಮೊದಲು ಆ ಸಂಖ್ಯೆಯನ್ನು ಕೇಳತೊಡಗಿದರು.

ಆಟದ ವೇಗವನ್ನು ತಗ್ಗಿಸುವುದರ ಬಗ್ಗೆಯೂ ಲೆಕ್ಕ ಹಾಕಿದ್ದೆ. ಸರದಿಗೆ 0.4 ಅಂಕದಷ್ಟು ಹಿಂದಿರುವ ತಂಡ 78 ಸರದಿಗಳಲ್ಲಿ 31 ಅಂಕ ಹಿಂದೆ ಬೀಳುತ್ತದೆ, 66 ಸರದಿಗಳಲ್ಲಿ 26. ಒಂದು ಸರದಿಯಲ್ಲಿ ಎಸೆಯಲು ಇರುವ ಗಡುವಿನ, ಅಂದರೆ ಶಾಟ್ ಕ್ಲಾಕಿನ, ಮೂವತ್ತು ಸೆಕೆಂಡುಗಳಲ್ಲಿ ನಾವೊಬ್ಬರೇ ಪ್ರತಿ ಸರದಿಗೆ ಐದಾರು ಸೆಕೆಂಡು ಹೆಚ್ಚು ಬಳಸಿದರೂ ಇಷ್ಟು ಸರದಿ ಕಡಿಮೆಯಾಗುತ್ತದೆ. ಐದು ಅಂಕ ದೊಡ್ಡ ಲಾಭವಲ್ಲ. ನಿಜವಾದ ಲಾಭವೆಂದರೆ ನಮ್ಮ ಆಟಗಾರ್ತಿಯರಿಗೆ ಉಸಿರಾಡಲು ಸಿಗುವ ಹೊತ್ತು.

ಏಕೆಂದರೆ ನಮ್ಮ ಬೆಂಚು ಬಹುಪಾಲು ಖಾಲಿಯಾಗಿರುತ್ತಿತ್ತು. ಋತುವಿನ ಆರಂಭದಲ್ಲಿ ಹತ್ತು ಮಂದಿ ಇದ್ದರೂ ಜನವರಿಯ ಹೊತ್ತಿಗೆ ಗಾಯ, ಪ್ರಯೋಗಾಲಯದ ತರಗತಿ, ಮನೆಯ ತೊಂದರೆ ಎಲ್ಲವೂ ಸೇರಿ ಏಳಕ್ಕೆ ಇಳಿಯುತ್ತಿತ್ತು. ಎದುರಾಳಿಗಳಲ್ಲಿ ಹದಿನೈದು, ಹದಿನಾರು ಮಂದಿ ಇದ್ದು, ಕೆಲವು ತರಬೇತುದಾರರು ಐವರನ್ನೂ ಒಟ್ಟಿಗೆ ಬದಲಿಸುತ್ತಿದ್ದರು. ಕ್ವಾರ್ಟರ್‌ವಾರು ಅಂತರವನ್ನು ನೋಡಿದಾಗ ನಮ್ಮ ಕುಸಿತ ಮೂರನೆಯ ಕ್ವಾರ್ಟರಿನಲ್ಲೇ ಅತಿ ಹೆಚ್ಚು. 2015–16ರಲ್ಲಿ ಇಪ್ಪತ್ತು ನಿಮಿಷಗಳ ಎರಡು ಅರ್ಧಗಳ ಬದಲು ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳು ಬಂದದ್ದು, ಪ್ರತಿ ಕ್ವಾರ್ಟರಿಗೂ ತಂಡದ ಫೌಲ್‌ಗಳ ಎಣಿಕೆ ಹೊಸದಾಗಿ ಆರಂಭವಾಗುವುದು ಸಣ್ಣ ತಂಡಕ್ಕೆ ಒಂದಿಷ್ಟು ನೆರವು. ಆದರೆ ಐದು ಫೌಲಿಗೆ ಆಟಗಾರ್ತಿ ಹೊರಹೋಗುವ ನಿಯಮ ಹಾಗೆಯೇ ಇದೆ. ಏಳು ಮಂದಿಯಲ್ಲಿ ಇಬ್ಬರು ಹೋದರೆ ಬೆಂಚಿನಲ್ಲಿ ಯಾರೂ ಉಳಿಯುವುದಿಲ್ಲ, ಮೂರನೆಯವಳೂ ಹೋದರೆ ನಾಲ್ವರೇ ಆಡಬೇಕು.

ಇಲ್ಲಿಯೇ ಒಂದು ಸಂಗತಿಯನ್ನು ಒತ್ತಿ ಹೇಳಬೇಕೆನಿಸುತ್ತದೆ. ದೊಡ್ಡ ಅಂತರ ಕಂಡ ತಕ್ಷಣ ಜನ ಗೆದ್ದ ತರಬೇತುದಾರರನ್ನು ದೂರುತ್ತಾರೆ, ಅಂಕ ಏರಿಸಿಕೊಂಡರು ಎನ್ನುತ್ತಾರೆ. ನಾನು ನೋಡಿದ ಬಹುಪಾಲು ಪಂದ್ಯಗಳಲ್ಲಿ ಅವರು ಎರಡನೆಯ ಕ್ವಾರ್ಟರಿನಲ್ಲೇ ಮುಖ್ಯ ಆಟಗಾರ್ತಿಯರನ್ನು ಕೂರಿಸಿದ್ದರು. ಆದರೂ ಅಂತರ ಬೆಳೆದದ್ದು ಏಕೆಂದರೆ, ಅವರ ಹನ್ನೊಂದನೆಯ ಆಟಗಾರ್ತಿ ದಣಿಯದ ಕಾಲುಗಳೊಡನೆ, ವಾರವಿಡೀ ಕಾದು ಸಿಕ್ಕ ಅವಕಾಶದ ಹುರುಪಿನಲ್ಲಿ ಅಂಗಳಕ್ಕಿಳಿದಾಗ ಅವಳ ಎದುರಿಗಿದ್ದದ್ದು ಮೂವತ್ತು ನಿಮಿಷ ಬಿಡುವಿಲ್ಲದೆ ಓಡಿದ ನಮ್ಮ ಹುಡುಗಿ. ಆ ಹನ್ನೊಂದನೆಯವಳಿಗೆ ಬುಟ್ಟಿಗೆ ಎಸೆಯಬೇಡ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ, ಅವಳೂ ಅಷ್ಟೇ ಬೆವರು ಸುರಿಸಿದ್ದಾಳೆ. ಎಸೆಯದೆ ಮೂವತ್ತು ಸೆಕೆಂಡು ಚೆಂಡನ್ನು ಸುತ್ತ ತಿರುಗಿಸುತ್ತಾ ನಿಲ್ಲುವುದು ಸೋಲುತ್ತಿರುವವರಿಗೆ ಇನ್ನಷ್ಟು ನೋವು ತರುತ್ತದೆ, ನಮ್ಮ ಆಟಗಾರ್ತಿಯರು ಇದನ್ನು ನನಗೆ ನೇರವಾಗಿಯೇ ಹೇಳಿದ್ದಾರೆ. ನಾವು ಕೇಳಿಕೊಂಡದ್ದು ಇಷ್ಟೇ: ಅಂತರ ಇಪ್ಪತ್ತೈದು ದಾಟಿದ ಮೇಲೆ ಪ್ರೆಸ್ ನಿಲ್ಲಿಸಿ, ಅರ್ಧ ಅಂಗಳದ ರಕ್ಷಣೆಗೆ ಹಿಂದಿರುಗಿ, ಉಳಿದಂತೆ ನಿಮ್ಮ ಆಟ ನೀವು ಆಡಿ. ಪಂದ್ಯದ ಮೊದಲೇ ನಮ್ಮ ಮುಖ್ಯ ತರಬೇತುದಾರರು ದೂರವಾಣಿಯಲ್ಲಿ ಇದನ್ನು ಎದುರಾಳಿ ತರಬೇತುದಾರರೊಡನೆ ಮಾತನಾಡಿಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಅನೇಕ ರಾಜ್ಯಗಳ ಪ್ರೌಢಶಾಲಾ ಪಂದ್ಯಗಳಲ್ಲಿ ಅಂತರ ಮಿತಿಮೀರಿದರೆ ಗಡಿಯಾರವನ್ನು ನಿಲ್ಲಿಸದೆ ಓಡಿಸುವ ನಿಯಮವಿದೆ, ಕಾಲೇಜು ಮಟ್ಟದಲ್ಲಿ ಅದಿಲ್ಲ. ಹಾಗಾಗಿ ಈ ತೆರನ ಪರಸ್ಪರ ಮಾತುಕತೆಯೇ ಇರುವ ಮಾರ್ಗ, ಮತ್ತು ನಾವು ಬಲವಾಗಿದ್ದ ಕೆಲವೇ ಪಂದ್ಯಗಳಲ್ಲಿ ಅದೇ ಮಾತನ್ನು ನಾವೂ ಪಾಲಿಸಿದೆವು.

ವೇಳಾಪಟ್ಟಿಯ ಕೆಲಸ ನನಗೆ ಅತ್ಯಂತ ಪ್ರಿಯವಾದದ್ದು. ಡಿವಿಷನ್ ಮೂರರಲ್ಲಿ ಋತುವಿಗೆ ಗರಿಷ್ಠ 25 ಪಂದ್ಯ. ನಮ್ಮ ಕಾನ್ಫರೆನ್ಸಿನಲ್ಲಿ, ಅಂದರೆ ಪ್ರತಿ ವರ್ಷ ತಮ್ಮತಮ್ಮಲ್ಲೇ ಆಡುವ ಹತ್ತು ತಂಡಗಳ ಗುಂಪಿನಲ್ಲಿ, ಪ್ರತಿಯೊಬ್ಬರೊಡನೆ ಎರಡೆರಡು ಬಾರಿ ಆಡಿದರೆ 18 ಮುಗಿಯುತ್ತದೆ, ನಮ್ಮ ಆಯ್ಕೆಗೆ ಉಳಿಯುವುದು ಏಳೇ. ಆ ಏಳನ್ನು ಹಿಂದೆ ಪರಿಚಯದ ಮೇಲೆ, ಪ್ರಯಾಣದ ಅನುಕೂಲದ ಮೇಲೆ ತುಂಬಿಸಲಾಗುತ್ತಿತ್ತು. ನಾನು ಸುತ್ತಲಿನ ರಾಜ್ಯಗಳ ತಂಡಗಳ ಹಿಂದಿನ ಋತುವಿನ ಎಲ್ಲ ಫಲಿತಾಂಶಗಳನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಹಾಕಿ, ಕನಿಷ್ಠ ವರ್ಗ ವಿಧಾನದಿಂದ, ಅಂದರೆ ನಿಜವಾದ ಅಂತರಗಳಿಗೆ ಅತಿ ಹತ್ತಿರ ಬರುವ ಸಂಖ್ಯೆಗಳನ್ನು ಹುಡುಕಿ, ಪ್ರತಿ ತಂಡಕ್ಕೂ ಒಂದು ಬಲಾಂಕ ಕಂಡುಹಿಡಿದೆ, ತವರು ಅಂಗಳಕ್ಕೆ ಪ್ರತ್ಯೇಕ ಸಂಖ್ಯೆಯನ್ನೂ ಸೇರಿಸಿದೆ. ಇದರಲ್ಲಿ ಒಂದು ನಿರ್ಧಾರ ಬಹಳ ಮುಖ್ಯ: ಇಪ್ಪತ್ತಕ್ಕಿಂತ ಹೆಚ್ಚಿನ ಅಂತರವನ್ನೆಲ್ಲ ಇಪ್ಪತ್ತೆಂದೇ ಪರಿಗಣಿಸಿದೆ. ಅರವತ್ತು ಅಂಕಗಳ ಗೆಲುವು ಮೂವತ್ತರ ಗೆಲುವಿಗಿಂತ ಎರಡು ಪಟ್ಟು ಬಲವನ್ನು ತೋರಿಸುವುದಿಲ್ಲ. ಅದು ಯಾರನ್ನು ಎಷ್ಟು ಹೊತ್ತು ಆಡಿಸಿದರು, ಪ್ರೆಸ್ ಯಾವಾಗ ನಿಂತಿತು ಎಂಬುದನ್ನಷ್ಟೇ ತೋರಿಸುತ್ತದೆ. ಪುರುಷರ ಮೊದಲನೆಯ ಡಿವಿಷನ್ನಿಗೆ 2018ರಲ್ಲಿ ಬಂದ, ಟೂರ್ನಿಗೆ ತಂಡಗಳನ್ನು ಆರಿಸಲು ನೆರವಾಗುವ ನೆಟ್ ಶ್ರೇಯಾಂಕದಲ್ಲೂ ಆರಂಭದಲ್ಲಿ ಅಂತರಕ್ಕೆ ಹತ್ತು ಅಂಕಗಳ ಮಿತಿ ಇತ್ತು, 2020ರಲ್ಲಿ ಅದನ್ನು ಕೈಬಿಟ್ಟರು. ನಮ್ಮ ಡಿವಿಷನ್ನಿನ ಟೂರ್ನಿಗೆ ತಂಡಗಳನ್ನು ಆರಿಸಲು 2024–25ರಿಂದ ಬಳಸುತ್ತಿರುವ ಎನ್‌ಪಿಐ ಸೂಚ್ಯಂಕ ಗೆಲುವು-ಸೋಲನ್ನೂ ಎದುರಾಳಿಯ ಬಲವನ್ನೂ ನೋಡುತ್ತದೆ, ಅಂಕಗಳ ಅಂತರವನ್ನು ನೋಡುವುದಿಲ್ಲ. ಇದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಅಂತರಕ್ಕೆ ಬಹುಮಾನವಿದ್ದರೆ ಪ್ರೆಸ್ ನಿಲ್ಲಿಸಿ ಎಂದು ಕೇಳುವ ನಮ್ಮ ದೂರವಾಣಿ ಕರೆಗೆ ಬೆಲೆಯೇ ಇರುವುದಿಲ್ಲ. ಬಲಾಂಕಗಳ ಆಧಾರದಲ್ಲಿ ಆ ಏಳು ಪಂದ್ಯಗಳಲ್ಲಿ ಬಹುಪಾಲನ್ನು ನಿರೀಕ್ಷಿತ ಅಂತರ ಎಂಟರೊಳಗಿರುವ ತಂಡಗಳೊಡನೆ ನಿಗದಿ ಮಾಡಿದೆವು. ಒಂದನ್ನು ಮಾತ್ರ ನಮಗಿಂತ ಬಹಳ ಬಲವಾದ ತಂಡಕ್ಕೆ ಬಿಟ್ಟೆವು, ಕಾನ್ಫರೆನ್ಸಿನ ಪ್ರೆಸ್ ಎದುರಿಸುವ ಮೊದಲು ಅದರ ಅನುಭವ ಆಗಲೆಂದು.

ಕಾನ್ಫರೆನ್ಸಿನ ಒಟ್ಟು ಸಮಬಲವನ್ನು ಅಳೆಯಲು ಅರ್ಥಶಾಸ್ತ್ರಜ್ಞರು ಬಳಸುವ ನಾಲ್–ಸ್ಕಲಿ ಅನುಪಾತವನ್ನು ತೆಗೆದುಕೊಂಡೆ. ತಂಡಗಳ ಗೆಲುವಿನ ಪ್ರಮಾಣಗಳು ನಿಜಕ್ಕೂ ಎಷ್ಟು ಹರಡಿವೆ ಎಂಬುದನ್ನು, ಸಮಬಲವಿದ್ದರೆ ಇರಬೇಕಾದ ಹರಡಿಕೆಯಿಂದ ಭಾಗಿಸಿದ ಸಂಖ್ಯೆ ಅದು. ಎಲ್ಲ ತಂಡಗಳೂ ನಿಜಕ್ಕೂ ಸಮಾನವಾಗಿದ್ದರೆ 18 ಪಂದ್ಯಗಳ ನಂತರ ಗೆಲುವಿನ ಪ್ರಮಾಣಗಳ ಮಾನಕ ವಿಚಲನೆ, ಅಂದರೆ ಆ ಹರಡಿಕೆಯ ಅಳತೆ, ಸುಮಾರು 0.118 ಇರಬೇಕು. ನಮ್ಮಲ್ಲಿ ಅದು ಇದರ ಎರಡು ಪಟ್ಟನ್ನೂ ಮೀರಿತ್ತು. ಆದರೆ ಈ ಅಳತೆ ಆರು ಅಂಕಗಳಿಂದ ಸೋತವರನ್ನೂ ಐವತ್ತರಿಂದ ಸೋತವರನ್ನೂ ಒಂದೇ ಎಂದು ಕಾಣುತ್ತದೆ, ಆದ್ದರಿಂದ ಕೊನೆಯ ಐದು ನಿಮಿಷ ಆರಂಭವಾಗುವಾಗ ಅಂತರ ಹತ್ತರೊಳಗಿರುವ ಪಂದ್ಯಗಳ ಪ್ರಮಾಣವನ್ನು ಅದರ ಪಕ್ಕದಲ್ಲೇ ಇಟ್ಟುಕೊಂಡೆ. ನಾವು ಇನ್ನೂ ಕೋಷ್ಟಕದ ಕೆಳಭಾಗದಲ್ಲೇ ಇದ್ದೇವೆ, ಅನುಪಾತ ಹೆಚ್ಚು ಬದಲಾಗಿಲ್ಲ. ಎರಡನೆಯ ಸಂಖ್ಯೆ ಮಾತ್ರ ಪ್ರತಿ ಋತುವಿನಲ್ಲೂ ಮೇಲಕ್ಕೆ ಸಾಗಿದೆ, ನಾನು ಹೆಚ್ಚು ಬೆಲೆ ಕೊಡುವುದೂ ಅದಕ್ಕೇ.

ಡಿವಿಷನ್ನಿನೊಳಗೇ ಮತ್ತೆ ಎರಡು ಹಂತ ಮಾಡಿ, ಗೆದ್ದವರು ಮೇಲೇರಿ ಸೋತವರು ಕೆಳಗಿಳಿಯುವ ಪದ್ಧತಿ ತರಬಹುದೆಂದು ಕೆಲವರು ಹೇಳುತ್ತಾರೆ. ಅದರ ಗುಣ-ದೋಷಗಳೆರಡನ್ನೂ ಏಷ್ಯಾದಲ್ಲಿ ಕಂಡಿದ್ದೇವೆ. 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್ಲಿನಲ್ಲಿ ಭಾರತ ಕಜಾಕಿಸ್ತಾನವನ್ನು 75–73ರಿಂದ ಸೋಲಿಸಿತು. ಸಮಬಲದ ಹಂತದಲ್ಲಿ ಆಡಿದ್ದರಿಂದಲೇ ಅಂಥ ಪಂದ್ಯ ಸಾಧ್ಯವಾಯಿತು. ಎ ವಿಭಾಗಕ್ಕೇರಿದ ಮೇಲೆ ಜಪಾನಿನಂಥ ತಂಡಗಳ ಎದುರು ಅಂತರ ಮತ್ತೆ ಹಿಗ್ಗಿತು, 2021ರ ಟೂರ್ನಿಯ ನಂತರ ಭಾರತ ಬಿ ವಿಭಾಗಕ್ಕೆ ಮರಳಿತು. ರಾಷ್ಟ್ರೀಯ ತಂಡಗಳಿಗೆ ಇದು ಹೊಂದುತ್ತದೆ. ಬಸ್ಸಿನಲ್ಲಿ ಮೂರು ಗಂಟೆಯ ಹಾದಿಯೊಳಗೆ ಎದುರಾಳಿಗಳು ಸಿಗಬೇಕಾದ, ಮಧ್ಯರಾತ್ರಿ ಹಿಂದಿರುಗಿ ಬೆಳಗಿನ ತರಗತಿಗೆ ಕೂರಬೇಕಾದ ವಿದ್ಯಾರ್ಥಿನಿಯರಿಗೆ ಅದು ಹೊಂದುವುದು ಕಷ್ಟ.

ಹೀಗಾಗಿ ಈಗ ನಮ್ಮ ಗಮನವೆಲ್ಲ ಪಟ್ಟಿಯಲ್ಲಿ ಆಟಗಾರ್ತಿಯರನ್ನು ಹೆಚ್ಚಿಸುವುದರ ಮೇಲಿದೆ. ಪ್ರೌಢಶಾಲೆಯಲ್ಲಿ ಆಡಿ ಕಾಲೇಜಿಗೆ ಬಂದ ಮೇಲೆ ಬಿಟ್ಟ ವಿದ್ಯಾರ್ಥಿನಿಯರನ್ನು ಹುಡುಕಿ ಮಾತನಾಡಿಸುತ್ತೇವೆ, ವಾಲಿಬಾಲ್ ಮುಗಿಸಿದವರನ್ನು ಕರೆಯುತ್ತೇವೆ, ಪ್ರಯೋಗಾಲಯದ ತರಗತಿಗಳ ದಿನ ಅಭ್ಯಾಸದ ಸಮಯವನ್ನು ಹಿಂದೆಮುಂದೆ ಮಾಡುತ್ತೇವೆ. ಕಳೆದ ಋತುವಿನಿಂದ ಪಟ್ಟಿ ಹನ್ನೆರಡಕ್ಕೆ ತಲುಪಿದೆ. ಹತ್ತಿರದ ಎರಡು ಕಾಲೇಜುಗಳೊಡನೆ ಮುಖ್ಯ ಪಂದ್ಯದ ಮೊದಲು ಎರಡು ಕ್ವಾರ್ಟರ್‌ಗಳ ಕಿರಿಯ ತಂಡದ ಪಂದ್ಯವನ್ನೂ ಏರ್ಪಡಿಸಿದ್ದೇವೆ. ಎರಡೂ ಕಡೆಯ ಹತ್ತು, ಹನ್ನೊಂದನೆಯ ಆಟಗಾರ್ತಿಯರು ಅಲ್ಲಿ ತಮ್ಮ ಸರಿಸಮಾನರ ಎದುರು ಪೂರ್ಣ ಬಲದಿಂದ ಆಡುತ್ತಾರೆ, ಆ ಇಪ್ಪತ್ತು ನಿಮಿಷಗಳ ಅಂಕಪಟ್ಟಿಯನ್ನೂ ನಾನು ಮುಖ್ಯ ಪಂದ್ಯದಷ್ಟೇ ವಿವರವಾಗಿ ಬರೆದಿಡುತ್ತೇನೆ.