ತೋಳಿನ ನಾಳ ಎಷ್ಟು ಅರಳಿತು?

ಪಿ.ಜಿ. ಓದುವಾಗ ನನ್ನ ಥೀಸಿಸ್‌ಗೆ ಆರಿಸಿಕೊಂಡದ್ದು ಪ್ರಿಎಕ್ಲಾಂಪ್ಸಿಯಾ. ಹಳಬರು ‘ನಂಜು’ ಅನ್ನುತ್ತಿದ್ದರಲ್ಲ, ಅದೇ. ಬಸಿರಿನ 20 ವಾರ ದಾಟಿದ ಮೇಲೆ ಬಿ.ಪಿ. 140/90 ಮುಟ್ಟುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು. ಈ ಕಾಯಿಲೆಯಲ್ಲಿ ರಕ್ತನಾಳದ ಒಳಪದರವೇ ಕೆಡುತ್ತದೆ. ಎಷ್ಟು ಕೆಟ್ಟಿದೆ ಎಂದು ಸೂಜಿ ಚುಚ್ಚದೆ ಅಳೆಯುವ ದಾರಿಯೊಂದಿದೆ: 1992ರಲ್ಲಿ ಸೆಲೆರ್‌ಮೇಯರ್ ತಂಡ ಪ್ರಕಟಿಸಿದ, ಎಫ್.ಎಂ.ಡಿ. (ಫ್ಲೋ ಮೀಡಿಯೇಟೆಡ್ ಡೈಲೇಶನ್, ರಕ್ತದ ಹರಿವಿಗೆ ನಾಳ ಅರಳುವುದು) ಎಂದು ಕರೆಯುವ ಪರೀಕ್ಷೆ.

ಕೇಳಲು ಸುಲಭ. ಮೊಣಕೈಗಿಂತ ತುಸು ಮೇಲೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ತೋಳಿನ ಬ್ರೇಕಿಯಲ್ ಅಪಧಮನಿಯ ಅಗಲ ಅಳೆಯಬೇಕು. ಮುಂಗೈಗೆ ಬಿ.ಪಿ. ಪಟ್ಟಿ ಕಟ್ಟಿ 5 ನಿಮಿಷ ರಕ್ತ ತಡೆಯಬೇಕು. ಪಟ್ಟಿ ಬಿಟ್ಟಾಗ ರಕ್ತ ನುಗ್ಗುತ್ತದೆ, ಆ ಉಜ್ಜುವಿಕೆಗೆ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಅರಳುತ್ತದೆ. ಸುಮಾರು ಒಂದು ನಿಮಿಷಕ್ಕೆ ಮತ್ತೆ ಅಳೆಯಬೇಕು. 3.4 ಮಿ.ಮೀ. ಇದ್ದದ್ದು 3.6 ಆದರೆ ಹೆಚ್ಚುಕಡಿಮೆ ಶೇ. 6.

ಕಷ್ಟವೂ ಅಲ್ಲೇ. 0.1 ಮಿ.ಮೀ. ತಪ್ಪಿದರೆ ಶೇ. 3 ಹೋಯಿತು! ಮೊದಲ ಹತ್ತು ಹನ್ನೆರಡು ಅಳತೆಗಳನ್ನು ನಾನು ಎಸೆದೆ. ಪಟ್ಟಿ ಬಿಡುವಾಗ ಗರ್ಭಿಣಿಯ ಕೈ ಅಲುಗುತ್ತಿತ್ತು, ನನ್ನ ಪ್ರೋಬ್ ಜಾರುತ್ತಿತ್ತು, ನಾಳದ ಬೇರೆ ತುಂಡನ್ನು ಅಳೆದು ಖುಷಿಪಡುತ್ತಿದ್ದೆ. ಆಮೇಲೆ ಚರ್ಮದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ತೋಳಿನ ಕೆಳಗೆ ದಿಂಬಿಟ್ಟು, ಇ.ಸಿ.ಜಿ. ತಂತಿ ಹಚ್ಚಿ, ಪ್ರತಿ ಸಲವೂ ಆರ್ ಅಲೆಯ ಹೊತ್ತಿಗೇ, ಅಂದರೆ ಹೃದಯ ಬಡಿತದ ಒಂದೇ ಘಟ್ಟದಲ್ಲಿ, ಅಗಲ ಓದುವುದನ್ನು ರೂಢಿಸಿಕೊಂಡೆ.

ಪುಸ್ತಕ ನೋಡಿ ಎಲ್ಲರಿಗೂ ಪಟ್ಟಿಯನ್ನು 200ಕ್ಕೆ ಏರಿಸುತ್ತಿದ್ದೆ. ಮೇಲಿನ ಬಿ.ಪಿ. (ಸಿಸ್ಟೋಲಿಕ್) 156 ಇದ್ದವರಿಗೆ ಅದು ಸಾಲದು. ಅವರವರ ಸಿಸ್ಟೋಲಿಕ್‌ಗಿಂತ 50 ಹೆಚ್ಚಿಡಬೇಕು. ಅಂಗಾತ ಮಲಗಿಸಿದರೆ ಗರ್ಭಕೋಶ ದೊಡ್ಡ ಅಭಿಧಮನಿಯನ್ನು ಒತ್ತಿ ತಲೆಸುತ್ತು ಬರುತ್ತದೆ, ಹಾಗಾಗಿ ಎಡ ಮಗ್ಗುಲಿಗೆ ವಾಲಿಸುತ್ತಿದ್ದೆ. 160/110 ಮುಟ್ಟಿದವರ ಹತ್ತಿರ ಪ್ರೋಬ್ ಹಿಡಿದು ಹೋಗಲೇ ಇಲ್ಲ. ಅವರಿಗೆ ಬೇಕಾದದ್ದು ಔಷಧಿ, ನನ್ನ ಥೀಸಿಸ್ ಅಲ್ಲ. ನಾಳವನ್ನು ನೇರವಾಗಿ ಅರಳಿಸುವ ನೈಟ್ರೋಗ್ಲಿಸರಿನ್ ಅನ್ನು ನಾಲಗೆಯಡಿ ಇಟ್ಟು ಮಾಡುವ, ಪರೀಕ್ಷೆಯ ಎರಡನೇ ಭಾಗವನ್ನೂ ಗರ್ಭಿಣಿಯರಲ್ಲಿ ಕೈಬಿಟ್ಟೆ.

“ಕೈ ಜೋಮು ಹಿಡೀತು ಮೇಡಂ, ಇನ್ನೂ ಎಷ್ಟೊತ್ತು?” ಮೂರನೇ ನಿಮಿಷಕ್ಕೆ ಎಲ್ಲರದ್ದೂ ಇದೇ ಪ್ರಶ್ನೆ. ಮೊದಲೇ ಹೇಳಿಟ್ಟರೆ ತಡೆದುಕೊಳ್ಳುತ್ತಾರೆ. ಬೆಳಿಗ್ಗೆ ಕಾಫಿ ಬೇಡ ಎಂದಿದ್ದಕ್ಕೆ ಒಬ್ಬಾಕೆ, “ಕಾಫಿ ಮುಟ್ಟಿಲ್ಲ, ಟೀ ಕುಡ್ದೆ ಅಷ್ಟೆ” ಅಂದರು. ಟೀಯಲ್ಲೂ ಕೆಫೀನ್ ಇದೆಯಲ್ಲ, ಅವತ್ತಿನ ಅಳತೆ ಮರುದಿನಕ್ಕೆ ಹೋಯಿತು.

ನನ್ನನ್ನು ನಿಜಕ್ಕೂ ಬೇಸ್ತು ಬೀಳಿಸಿದ್ದು ಮಾತ್ರೆ. ಕಾಯಿಲೆ ಜೋರಾಗಿದ್ದ ಕೆಲವರಲ್ಲಿ ಅಂಕಿಗಳು ನಾನು ಎಣಿಸಿದಂತೆ ಬರಲಿಲ್ಲ. ಕೇಸ್‌ಶೀಟ್ ತಿರುವಿದರೆ ಸ್ವಲ್ಪ ಮುಂಚೆಯಷ್ಟೇ ನಿಫೆಡಿಪಿನ್ ಕೊಟ್ಟಿದ್ದರು. ಅದು ತಾನೇ ನಾಳ ಸಡಿಲಿಸುವ ಔಷಧಿ. ಮ್ಯಾಗ್ನೀಸಿಯಂ ಸಲ್ಫೇಟ್ ಕೂಡ ಹಾಗೇ. ಬಿ.ಪಿ. ಮಾತ್ರೆ ನಿಲ್ಲಿಸಿ ಅಳೆಯುವುದಂತೂ ಸರಿಯಲ್ಲ. ಕೊನೆಯ ಡೋಸ್ ಯಾವಾಗ ಎಂಬ ಕಾಲಂ ಅನ್ನು ಅಂದೇ ಫಾರಂಗೆ ಸೇರಿಸಿದೆ, ಅದಕ್ಕೂ ಹಿಂದಿನವರ ಲೆಕ್ಕವನ್ನು ಬೇರೆ ಇಟ್ಟೆ.

ಹೆರಿಗೆಯಾಗಿ ಆರು ವಾರಕ್ಕೆ ಬಂದ ಒಬ್ಬಾಕೆಯ ಬಿ.ಪಿ. 118/76. ಮಾತ್ರೆ ನಿಂತು ಹದಿನೈದು ದಿನ ಆಗಿತ್ತು. ತೋಳಿನ ನಾಳ ಮಾತ್ರ ಶೇ. 2ರಷ್ಟೇ ಅರಳಿತು. “ಎಲ್ಲ ಸರಿಹೋಯ್ತಲ್ಲ ಮೇಡಂ?” ಎಂದರು, ಮಗುವನ್ನು ಹೆಗಲಿಗೆ ಹಾಕಿಕೊಂಡು. ಒಂದು ಅಳತೆ ನಂಬಿ ಹೆದರಿಸಲು ಮನಸ್ಸಾಗಲಿಲ್ಲ. ಆದರೆ ಈ ಕಾಯಿಲೆ ಬಂದುಹೋದವರಿಗೆ ಮುಂದೆ ಹೃದಯದ ತೊಂದರೆಯ ಸಾಧ್ಯತೆ ಹೆಚ್ಚು ಎಂಬುದು ಅಳತೆ ಇಲ್ಲದೆಯೂ ಗೊತ್ತಿರುವ ಸಂಗತಿ. ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ, ಮುಂದಿನ ಬಸಿರಿನಲ್ಲಿ ಮೊದಲ ತಿಂಗಳುಗಳಲ್ಲೇ ಬನ್ನಿ ಎಂದು ಅವರ ತಾಯಿ ಕಾರ್ಡ್‌ನ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟೆ.