ಸದ್ದಿಲ್ಲದ ಕೋವಿ: ನ್ಯೂಜಿಲೆಂಡ್‌ಗೆ ಬಂದ ಹೊಸಬರಿಗೆ

ಕೊಡಗು, ಮಲೆನಾಡಿನ ಕಡೆಯಿಂದ ನ್ಯೂಜಿಲೆಂಡ್‌ಗೆ ಬಂದವರಿಗೆ ಮೊಲದ ಬೇಟೆಯ ಆಸೆ ಬೇಗ ಹುಟ್ಟುತ್ತದೆ. ಒಟಾಗೊ, ಕ್ಯಾಂಟರ್ಬರಿ ಕಡೆ ಮೊಲಗಳು ಹುಲ್ಲುಗಾವಲನ್ನೇ ಬೋಳು ಮಾಡುತ್ತವೆ. ನಯವಾಗಿ ಕೇಳಿದರೆ ಎಷ್ಟೋ ರೈತರು ಜಮೀನಿಗೆ ಬಿಡುತ್ತಾರೆ. ಲೈಸೆನ್ಸಿಗೆ ಪರೀಕ್ಷೆ, ವಿಚಾರಣೆ, ಬೀಗದ ಕಪಾಟು, ಮೇಲೆ 2023ರಿಂದ ಕೋವಿಯ ನೋಂದಣಿ. ಅದನ್ನೆಲ್ಲ ಮೊದಲು ಮುಗಿಸಿ.

ಊರಲ್ಲಿ ನಮಗೆ ಗೊತ್ತಿದ್ದದ್ದು 12 ಬೋರ್ ತೋಟಾ. ಸದ್ದು ಎಷ್ಟು, ವೇಗ ಎಷ್ಟು ಅಂತ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಸಣ್ಣ ಗುಂಡಿನ .22 ರೈಫಲ್, ಅದರ ಬಾಯಿಗೆ ಸದ್ದು ತಗ್ಗಿಸುವ ಕೊಳವೆ, ಅಂದರೆ ಸಪ್ರೆಸರ್. ಅಂಗಡಿಯಲ್ಲಿ ಎಲ್ಲರೆದುರೇ ಮಾರುತ್ತಾರೆ, ರೈತರೂ ಇಷ್ಟಪಡುತ್ತಾರೆ. ಕುರಿ ಬೆದರುವುದಿಲ್ಲ, ಪಕ್ಕದ ಮನೆಯವರ ನಿದ್ದೆ ಕೆಡುವುದಿಲ್ಲ.

ಆದರೆ ಸಪ್ರೆಸರ್ ಹಾಕಿದ ಮಾತ್ರಕ್ಕೆ ಕೋವಿ ಮೌನವಾಗುವುದಿಲ್ಲ. ನಳಿಗೆಯಿಂದ ನುಗ್ಗುವ ಬಿಸಿ ಗಾಳಿಯ ಸದ್ದನ್ನಷ್ಟೇ ಅದು ತಡೆಯುತ್ತದೆ. ಗುಂಡು ಶಬ್ದಕ್ಕಿಂತ ವೇಗವಾಗಿ ಓಡಿದರೆ ದಾರಿಯುದ್ದಕ್ಕೂ ಚಟೀರ್ ಅನ್ನುತ್ತದೆ. ಅದನ್ನು ಯಾವ ಸಪ್ರೆಸರ್ರೂ ತಡೆಯಲಾರದು. ಅದಕ್ಕೇ ಸಬ್‌ಸಾನಿಕ್, ಅಂದರೆ ಶಬ್ದಕ್ಕಿಂತ ನಿಧಾನವಾಗಿ ಓಡುವ ತೋಟಾ ಬೇಕು.

ಹೊಸಬರು ಎಡವುವುದು ಇದರ ನಂತರ. ಡಬ್ಬಿಯ ಮೇಲೆ ಬರೆದ ವೇಗ ಸರಾಸರಿ ಮಾತ್ರ. ಸಿಸಿಐ ಎಂಬ ತೋಟಾ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ಡಬ್ಬಿಯಲ್ಲಿ ಸೆಕೆಂಡಿಗೆ 1070 ಅಡಿ, ಅಂದರೆ ಸುಮಾರು 326 ಮೀಟರ್ ಅಂತಿದೆ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ 343 ಮೀಟರ್, ಸೊನ್ನೆ ಡಿಗ್ರಿಯಲ್ಲಿ 331. ಸೆಂಟ್ರಲ್ ಒಟಾಗೊದ ಚಳಿಗಾಲದ ಮುಂಜಾನೆ ಇನ್ನೂ ಕಡಿಮೆ. ಹತ್ತು ತೋಟಾ ಸುಮ್ನೆ ಪುಸ್ಸೆಂದು ಹೋಗುತ್ತವೆ, ಹನ್ನೊಂದನೆಯದು ಸ್ವಲ್ಪ ಜೋರಾಗಿ ಓಡಿ ಕಣಿವೆಯೆಲ್ಲ ಕೇಳುವಂತೆ ಸಿಡಿಯುತ್ತದೆ. ಮೊಲಗಳೆಲ್ಲ ಬಿಲಕ್ಕೆ. ಚಳಿಗೆ ಮದ್ದೂ ಕೊಂಚ ನಿಧಾನವಾಗುತ್ತದೆ ನಿಜ, ಅದನ್ನೇ ನಂಬಿ ಹೋಗಬೇಡಿ. ಅದೇ ಕಂಪನಿಯ ಸಬ್‌ಸಾನಿಕ್ ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿ ಇರುವ ಗುಂಡು) 1050 ಅಡಿಯದು. ಚಳಿಗೆ ಅದೇ ವಾಸಿ.

ಸದ್ದಿಗಿಂತ ನನ್ನನ್ನು ಜಾಸ್ತಿ ಕಾಡುವುದು ಗುರಿ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸ ಬಂದರೂ 100 ಮೀಟರ್ ದೂರದಲ್ಲಿ ಗುಂಡು ಸುಮಾರು 3 ಸೆಂಟಿಮೀಟರ್ ಮೇಲೋ ಕೆಳಗೋ ಹೋಗುತ್ತದೆ. ಮೊಲದ ತಲೆ ಎಷ್ಟು ದೊಡ್ಡದು ಹೇಳಿ? ಅದು ನರಳುತ್ತಾ ಬಿಲ ಸೇರಿದರೆ ಆ ಪಾಪ ನಮ್ಮದೇ. .22ರ ವೇಗ ಏರುಪೇರಾಗಲು ಒಂದು ಕಾರಣ ಅದರ ತಳದಲ್ಲೇ ಇದೆ. ಕಿಡಿ ಹೊತ್ತಿಸುವ ಮದ್ದನ್ನು ತೋಟಾದ ಅಂಚಿನೊಳಗೆ ತಿರುಗಿಸಿ ತುಂಬುತ್ತಾರೆ. ಎಲ್ಲ ಕಡೆ ಸಮನಾಗಿ ಕೂತಿಲ್ಲದಿದ್ದರೆ ಉರಿಯುವುದೂ ಸಮನಲ್ಲ.

ಆದ್ದರಿಂದ ಬೇರೆ ಬೇರೆ ಜಾತಿಯ ಒಂದೊಂದು ಡಬ್ಬಿ ತನ್ನಿ. ಕ್ಲಬ್ಬಿನಲ್ಲಿ ಯಾರ ಬಳಿಯಾದರೂ ಗುಂಡಿನ ವೇಗ ಅಳೆಯುವ ಕ್ರೊನೊಗ್ರಾಫ್ ಇರುತ್ತದೆ, ಕೇಳಿ. ಸಪ್ರೆಸರ್ ಹಾಕಿಕೊಂಡೇ ಅಳೆಯಿರಿ, ಗುರಿಯನ್ನೂ ಹಾಗೇ ಕೂಡಿಸಿ, ಯಾಕೆಂದರೆ ನಳಿಗೆಯ ತುದಿಯಲ್ಲಿ ಅದರ ಭಾರ ಬಿದ್ದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ತೋಟಾ ಬದಲಿಸಿದಾಗ ಮೊದಲ ಕೆಲವು ಹೊಡೆತ ಲೆಕ್ಕಕ್ಕಿಲ್ಲ. ಹಳೆಯ ಗುಂಡಿಗೆ ಸವರಿದ್ದ ಮೇಣ ಹೋಗಿ ಹೊಸದರ ಮೇಣ ನಳಿಗೆಗೆ ಹಿಡಿಯಬೇಕು. ಸರಾಸರಿ ಬಿಡಿ, ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ನಡುವಿನ ಅಂತರ ನೋಡಿ. ಅದು ಕಡಿಮೆ ಇರುವ ತೋಟಾ ಸಿಕ್ಕರೆ, ಡಬ್ಬಿಯ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬರೆದುಕೊಂಡು ಅದನ್ನೇ ಜಾಸ್ತಿ ಕೊಳ್ಳಿ. ಹೆಸರು ಒಂದೇ ಆದರೂ ಲಾಟ್ ಬೇರೆಯಾದರೆ ವೇಗವೂ ಬೇರೆಯಾಗಬಹುದು.

ಸದ್ದು ಕಡಿಮೆ ಅಂತ ಮೈಮರೆಯಬೇಡಿ. ನಿಧಾನದ ಸೀಸದ ಗುಂಡು ಹೆಪ್ಪುಗಟ್ಟಿದ ನೆಲಕ್ಕೋ ಕಲ್ಲಿಗೋ ನೀರಿಗೋ ಬಡಿದು ಎಲ್ಲೋ ಹಾರುತ್ತದೆ. ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ ಕೋವಿಯ ಕುದುರೆ (ಟ್ರಿಗರ್) ಮುಟ್ಟಲೇಬೇಡಿ. ಸಪ್ರೆಸರ್ ಒಳಗೆ ಸೀಸ ಕಟ್ಟುತ್ತದೆ. ಅದನ್ನು ತೊಳೆದ ಮೇಲೆ ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆಯದೆ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಲೇಬೇಕು. ಕೋವಿಯ ಸದ್ದು ಕೇಳಿದರೆ ಏನೋ ಆಗಿದೆ ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು, ಅಲ್ವಾ? ಇಲ್ಲಿ ಹುಟ್ಟಿದ ನನ್ನ ಮಗಳಿಗೆ ಒಳ್ಳೆಯ ಬೇಟೆಗಾರ ಎಂದರೆ ಯಾರಿಗೂ ಕೇಳಿಸದವನು. ರೈತ ಮತ್ತೆ ಕರೆಯುವುದೂ ಅಂಥವನನ್ನೇ, ಅವಳು ಹೇಳುವುದು ಸರಿ. ಆದರೂ ಪುತ್ತರಿಯ ರಾತ್ರಿ ಆ ಸದ್ದಿಗೆ ಕಾಯುತ್ತಾ ಗದ್ದೆ ಬದುವಿನಲ್ಲಿ ನಿಲ್ಲುವ ಸಡಗರ ಅವಳಿಗೂ ಗೊತ್ತಾಗಲಿ ಅಂತ ನನಗೆ ಆಸೆ.

ನೀವೂ ಹಬ್ಬಕ್ಕೆ ಊರಿಗೆ ಹೊರಟರೆ, ಬೇಟೆಗೆ ಒಯ್ದ ಚೀಲವನ್ನು ವಿಮಾನಕ್ಕೆ ಒಯ್ಯಲೇಬೇಡಿ. ಜಾಕೆಟ್ಟಿನ ಒಳಜೇಬು, ಹೊಲಿಗೆ ಬಿಟ್ಟ ಮೂಲೆ, ಎಲ್ಲ ತಡಕಿ ನೋಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಸಿಕ್ಕರೂ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗಬಹುದು. ಸಪ್ರೆಸರ್ ಮನೆಯ ಕಪಾಟಿನಲ್ಲೇ ಇರಲಿ. ಆಸ್ಟ್ರೇಲಿಯಾದಲ್ಲಿ ಇಳಿದು ಹೋಗುವವರಂತೂ ಇದನ್ನು ಮರೆಯಬೇಡಿ, ಅಲ್ಲಿ ವಿಶೇಷ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ.