ಎನ್‌ಬಿಎ ಡಿಫೆನ್ಸ್ ನೋಡೋದು ಹೇಗೆ: ಸೀಟಿ ಊದೋಕೆ ಮುಂಚೆ ಫೌಲ್ ಹಿಡೀರಿ

ಬೆಳಿಗ್ಗೆ ಆರು ಗಂಟೆಗೆ ಎನ್‌ಬಿಎ (ಅಮೆರಿಕದ ಪ್ರೊಫೆಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್) ಮ್ಯಾಚ್ ಹಾಕಿದ್ರೆ ನಮ್ಮನೆಗೆ ಇಬ್ಬರು ಫ್ರೆಂಡ್ಸ್ ಕಾಫಿಗೆ ಅಂತ ಬರ್ತಾರೆ. ಇಬ್ಬರೂ ಕಾಲೇಜ್ ಟೀಮಲ್ಲಿ ಆಡಿದವರೇ, ಆದ್ರೂ ಪ್ರತಿ ಸೀಟಿಗೂ ಒಂದೇ ರಾಗ, "ಏನ್ ಗುರೂ, ಸುಮ್ನೆ ಮುಟ್ಟಿದ್ದಕ್ಕೆಲ್ಲ ಫೌಲಾ?" ಮುಂದಿನ ನಿಮಿಷಕ್ಕೆ ಬ್ಯಾಸ್ಕೆಟ್ ಹತ್ರ ಇಬ್ಬರು ದಡಿಯರು ಎತ್ತುಗಳ ಥರ ಗುದ್ದಾಡ್ತಿರ್ತಾರೆ, ರೆಫ್ರಿ ಆರಾಮಾಗಿ ನಿಂತಿರ್ತಾರೆ, ಆಗ "ಇದು ಫೌಲ್ ಅಲ್ವಾ ಹಾಗಾದ್ರೆ?" ಎರಡು ಸೀಸನ್ ಇದನ್ನೇ ಕೇಳಿ ಕೇಳಿ ಸಾಕಾಗಿ ಇದನ್ನ ಬರೀತಿದೀನಿ.

ಸ್ಟೆಪ್ 1. ಬಾಲ್ ನೋಡೋದು ಬಿಡಿ, ಬಾಲ್ ಇರೋನ ಎದುರಿಗೆ ನಿಂತಿರೋ ಡಿಫೆಂಡರ್‌ನ ಸೊಂಟ ನೋಡಿ. ಅಷ್ಟೇ. ಮೊಬೈಲಲ್ಲಿ ಬರೋ ಹತ್ತು ನಿಮಿಷದ ಹೈಲೈಟ್ಸ್ ಈ ಕೆಲಸಕ್ಕೆ ಬರಲ್ಲ, ಅದರಲ್ಲಿ ಬರೀ ಡಂಕು, ತ್ರೀ ಪಾಯಿಂಟರು. ಒಂದು ಕ್ವಾರ್ಟರ್, ಅಂದ್ರೆ ಮ್ಯಾಚಿನ ಕಾಲು ಭಾಗ ಆದ್ರೂ ಪೂರ್ತಿ ನೋಡಿ.

ಸ್ಟೆಪ್ 2. ಫ್ರೀ ಥ್ರೋ ಲೈನ್ (ಫೌಲ್ ಆದ್ಮೇಲೆ ಯಾರ ಅಡ್ಡಿನೂ ಇಲ್ಲದೆ ಬಾಲ್ ಹಾಕೋಕೆ ನಿಲ್ಲೋ ಗೆರೆ) ಎಲ್ಲಿದೆ ನೋಡ್ಕೊಳಿ, ಅದನ್ನ ಎರಡೂ ಸೈಡ್ ಲೈನ್ ತನಕ ಮನಸ್ಸಲ್ಲೇ ಎಳೀರಿ. ಆ ಗೆರೆಗಿಂತ ಕೆಳಗೆ, ಅಂದ್ರೆ ಬ್ಯಾಸ್ಕೆಟ್ ಇರೋ ಕಡೆ, ಬ್ಯಾಸ್ಕೆಟ್‌ಗೆ ಬೆನ್ನು ಹಾಕಿ ಆಡೋನಿಗೆ ಡಿಫೆಂಡರ್ ಮುಂಗೈ ಒತ್ತಿ ನಿಲ್ಲಬಹುದು. ಆ ದಡಿಯರ ಗುದ್ದಾಟ ಇದೇ. ಗೆರೆಗಿಂತ ಆಚೆ, ಬ್ಯಾಸ್ಕೆಟ್ ಕಡೆ ಮುಖ ಮಾಡಿ ಬರ್ತಿರೋನ ಮೈಮೇಲೆ ಕೈ ಇಟ್ಟುಕೊಂಡೇ ಇರೋ ಹಾಗಿಲ್ಲ.

ಸ್ಟೆಪ್ 3. ಎಲ್ಲರೂ ಎಡವೋದು ಇಲ್ಲೇ, ನಿಧಾನಕ್ಕೆ ಓದಿ. ಹೀಗೆ ಬಾಲ್ ತರ್ತಿರೋನ ಮೈಮೇಲೆ ಕೈ ಇಟ್ಟು ತಡೆಯೋದಕ್ಕೆ ಹ್ಯಾಂಡ್ ಚೆಕ್ ಅಂತಾರೆ. ಟಿವಿಲಿ ನೋಡಿದ್ರೆ ಇದು ಏನೂ ಅಲ್ಲ ಅನ್ಸುತ್ತೆ, ಅದಕ್ಕೆ ಹಾಲ್‌ನಲ್ಲೇ ಒಂದು ಟ್ರೈ ಮಾಡಿ. ತಮ್ಮನೋ ಮಗನೋ ಯಾರನ್ನಾದ್ರೂ ಎದುರಿಗೆ ನಿಲ್ಲಿಸಿ, ಅವನ ಅಂಗೈನ ನಿಮ್ಮ ಸೊಂಟದ ಎಲುಬಿನ ಮೇಲೆ ಇಡಕ್ಕೆ ಹೇಳಿ, ತಳ್ಳೋದು ಬೇಡ, ಸುಮ್ನೆ ಇಡಲಿ. ಈಗ ಅವನನ್ನ ದಾಟಿ ಎಡಕ್ಕೆ ನುಗ್ಗಿ. ನೀವು ಕಾಲು ಎತ್ತೋಕೆ ಮುಂಚೆನೇ ನಿಮ್ಮ ಸೊಂಟ ಯಾವ ಕಡೆ ತಿರುಗ್ತು ಅಂತ ಅವನ ಅಂಗೈಗೆ ಗೊತ್ತಾಗಿರುತ್ತೆ. ಆಮೇಲೆ ಎರಡು ಬೆರಳಷ್ಟು ಒತ್ತಿದ್ರೂ ನಿಮ್ಮ ದಾರಿ ಒಂದಡಿ ವಾರೆ ಆಗುತ್ತೆ. ಆರೂವರೆ ಅಡಿ ಆಳು ಓಡ್ತಿರೋವಾಗ ಆ ಒಂದಡಿಲೇ ಲೇಅಪ್ (ಬ್ಯಾಸ್ಕೆಟ್ ಹತ್ರದಿಂದ ಹಾಕೋ ಸುಲಭದ ಶಾಟ್) ಹೋಗಿ ಕಷ್ಟದ ಶಾಟ್ ಆಗೋದು. ರೆಫ್ರಿಗಳು ಮುಟ್ಟಿದ್ನಾ ಇಲ್ವಾ ಅಂತ ಮಾತ್ರ ನೋಡಲ್ಲ, ಆಟಗಾರನ ರಿದಮ್ಮು, ಸ್ಪೀಡು, ಬ್ಯಾಲೆನ್ಸು, ಚುರುಕು, ಈ ನಾಲ್ಕರಲ್ಲಿ ಯಾವುದಾದ್ರೂ ಕೆಡ್ತಾ ಅಂತ ನೋಡ್ತಾರೆ. ಮುಟ್ಟಿ ತಕ್ಷಣ ಕೈ ತೆಗೆದ್ರೆ, ಏನೂ ಕೆಡದಿದ್ರೆ, ಸೀಟಿ ಬರಲ್ಲ. ಸ್ಲೋ ಮೋಷನ್ ರೀಪ್ಲೇ ನೋಡಿ ಜಗಳ ಆಡಬೇಡಿ, ಅದರಲ್ಲಿ ಸವರಿದ್ದೂ ಹೊಡೆದ ಹಾಗೇ ಕಾಣುತ್ತೆ.

ಹಿಂದೆ ಈ ಅಂಗೈ ಇಡೋದೇ ಡಿಫೆಂಡರ್ ಕಸುಬು. 1978ರಲ್ಲೇ ಬಿಗಿ ಮಾಡಕ್ಕೆ ಹೊರಟ್ರು, ಆಮೇಲೆ ಸಡಿಲ ಬಿಟ್ರು. 1989, 1990ರಲ್ಲಿ ಕಪ್ ಹೊಡೆದ ಡೆಟ್ರಾಯ್ಟ್ ಪಿಸ್ಟನ್ಸ್‌ಗೆ 'ಬ್ಯಾಡ್ ಬಾಯ್ಸ್' ಅಂತಲೇ ಹೆಸರು, ಮೈಕಲ್ ಜೋರ್ಡನ್ ಒಳಗೆ ನುಗ್ಗಿದ್ರೆ ಮೈಮೇಲೆ ಬೀಳೋದು ಅವರ ಪ್ಲಾನಲ್ಲೇ ಇತ್ತು. 1994ರ ಫೈನಲ್ಸಲ್ಲಿ ನಿಕ್ಸ್, ರಾಕೆಟ್ಸ್ ಏಳು ಮ್ಯಾಚ್ ಆಡಿದ್ರೂ ಯಾರೂ ಒಂದ್ಸಲನೂ 100 ಮುಟ್ಟಲಿಲ್ಲ. ಅದೇ ವರ್ಷ ಬಂದ ಸೀಸನ್‌ನಿಂದ ಫ್ರೀ ಥ್ರೋ ಲೈನ್ ತನಕ ಹ್ಯಾಂಡ್ ಚೆಕ್ ಬಂದ್ ಅಂದ್ರು, 1997ರಲ್ಲಿ ಮುಂಗೈಗೂ ಕಡಿವಾಣ ಬಿತ್ತು, 1999ರಲ್ಲಿ ಇನ್ನೂ ಬಿಗಿ. ರೂಲ್ ಬುಕ್ಕಲ್ಲಿ ಎಲ್ಲಾ ಇತ್ತು, ಅಂಕಣದಲ್ಲಿ ಮಾತ್ರ ಕೈಗಳು ಸೊಂಟದ ಮೇಲೇ ಇದ್ವು. 2004ರಲ್ಲಿ ಪಿಸ್ಟನ್ಸ್ ಈಸ್ಟರ್ನ್ ಕಾನ್ಫರೆನ್ಸ್ (ಪೂರ್ವ ಭಾಗದ ಟೀಮುಗಳ) ಫೈನಲ್ ಮುಗಿಸಿದ್ದು 69-65ಕ್ಕೆ, 48 ನಿಮಿಷದ ಪ್ರೊಫೆಷನಲ್ ಮ್ಯಾಚು ಅದು! ಆ ಸೀಸನ್‌ನಲ್ಲಿ ಒಂದು ಟೀಮಿನ ಸರಾಸರಿ 93.4 ಪಾಯಿಂಟ್. ಮುಂದಿನ ಸೀಸನ್‌ಗೆ ಲೀಗ್‌ನವರು ಇನ್ಮೇಲೆ ನಿಜವಾಗ್ಲೂ ಊದಿ ಅಂತ ರೆಫ್ರಿಗಳಿಗೆ ಹೇಳಿದ್ರು, ಸರಾಸರಿ 97.2ಕ್ಕೆ ಏರ್ತು. ಅದೇ ಹೊತ್ತಿಗೆ ಸಣಕಲು ಮೈಯ ಸ್ಟೀವ್ ನ್ಯಾಶ್ ಫೀನಿಕ್ಸ್ ಸನ್ಸ್‌ಗೆ ವಾಪಸ್ ಬಂದ. ಹಿಂದಿನ ವರ್ಷ 29 ಮ್ಯಾಚ್ ಗೆದ್ದಿದ್ದ ಟೀಮು 62 ಗೆಲ್ತು, ಅವನು 2005, 2006 ಎರಡೂ ವರ್ಷ ಎಂವಿಪಿ, ಅಂದ್ರೆ ಲೀಗಿನ ಬೆಸ್ಟ್ ಆಟಗಾರ ಆದ. ನ್ಯಾಶ್ ಆಟ ದೊಡ್ಡದೇ, ಟೀಮೂ ಹೊಸದಾಗಿತ್ತು, ಒಪ್ಪೋಣ. ಆದ್ರೆ ಸೊಂಟದ ಮೇಲೊಂದು ಕೈ ಇದ್ದಿದ್ರೆ ಆ ಓಟ ಅಷ್ಟು ಸಲೀಸಾಗಿ ನಡೀತಿರಲಿಲ್ಲ ಅನ್ನೋದು ನನ್ನ ಲೆಕ್ಕ. ಅಲ್ಲಿಂದ ಮುಂದೆ ಡಿಫೆಂಡರ್ ಬದುಕಬೇಕು ಅಂದ್ರೆ ಭುಜಕ್ಕಿಂತ ಕಾಲು ಚುರುಕಾಗಿರಬೇಕು. ಒಳ್ಳೆ ಡಿಫೆಂಡರ್ ಎದೆ ಮುಂದಿಟ್ಟು, ಕೈ ಅಗಲಿಸಿ, ಏಡಿ ಥರ ಪಕ್ಕಕ್ಕೆ ಜಾರ್ತಾನೆ ನೋಡಿ.

ಆಮೇಲೆ ಶೂಟರ್‌ಗಳು ಅತಿ ಮಾಡಿದ್ರು ಅನ್ನೋದೂ ನಿಜ. ಬೇಕು ಬೇಕಂತಲೇ ಪಕ್ಕಕ್ಕೆ ವಾಲಿ ಡಿಫೆಂಡರ್ ಮೈಗೆ ಬೀಳೋದು, ಕಾಲು ಝಾಡಿಸೋದು, ಫ್ರೀ ಥ್ರೋ ಗಿಟ್ಟಿಸೋದು. 2021-22ರಿಂದ ಅದಕ್ಕೆ ಸೀಟಿ ನಿಲ್ಲಿಸಿದ್ರು. ನನ್ನ ಕೇಳಿದ್ರೆ ಹತ್ತು ವರ್ಷ ಮುಂಚೆನೇ ನಿಲ್ಲಿಸಬೇಕಿತ್ತು.

ಸ್ಟೆಪ್ 4. ಬ್ಲಾಕಾ, ಚಾರ್ಜಾ? ಬ್ಲಾಕ್ ಅಂದ್ರೆ ಡಿಫೆಂಡರ್ ಫೌಲು, ಚಾರ್ಜ್ ಅಂದ್ರೆ ನುಗ್ಗಿ ಬಂದೋನ ಫೌಲು. ಇಬ್ಬರೂ ದಬಾರ್ ಅಂತ ಬಿದ್ದಾಗ ಎರಡು ವಿಷಯ ನೋಡಿ. ಒಂದು, ಬ್ಯಾಸ್ಕೆಟ್ ಕೆಳಗೆ 4 ಅಡಿ ದೂರಕ್ಕೆ ಎಳೆದಿರೋ ಅರ್ಧಚಂದ್ರದ ಗೆರೆ. 1997ರಲ್ಲಿ ಬಂದಿದ್ದು. ಸಹಾಯಕ್ಕೆ ಓಡಿಬಂದ ಡಿಫೆಂಡರ್ ಕಾಲು ಆ ಗೆರೆ ಮುಟ್ಟಿದ್ರೂ ಅವನಿಗೆ ಸಾಮಾನ್ಯವಾಗಿ ಚಾರ್ಜ್ ಸಿಗಲ್ಲ. ಎರಡು, ಶೂಟರ್ ಬಾಲ್ ಹಿಡಿದು ಮೇಲಕ್ಕೆ ಎತ್ತೋ ಆ ಗಳಿಗೆ. ಅಷ್ಟರೊಳಗೆ ಡಿಫೆಂಡರ್ ಎದೆ ದಾರಿಗೆ ಬಂದಿರಬೇಕು. ಅವನು ಕಂಬದ ಥರ ಅಲ್ಲಾಡದೆ ನಿಂತಿರಬೇಕು ಅನ್ನೋದು ಸುಳ್ಳು. ಹಿಂದಕ್ಕೆ, ಪಕ್ಕಕ್ಕೆ ಸರೀತಿದ್ರೂ ಜಾಗ ಅವನದೇ. ಗೆರೆ ಒಳಗಿದ್ರೆ ನೆಟ್ಟಗೆ ಮೇಲಕ್ಕೆ ಹಾರೋದೊಂದೇ ದಾರಿ, ಇಂಡಿಯಾನಾದ ರಾಯ್ ಹಿಬರ್ಟ್ ಎರಡು ಕೈ ಎತ್ತಿ ಹಾರಿದ್ದರಲ್ಲೇ ಹೆಸರು ಮಾಡಿದ್ದು. ಹಾಗೇ ಶೂಟರ್ ಇಳಿಯೋ ಜಾಗಕ್ಕೆ ಕಾಲು ತೂರಿಸೋದಂತೂ ಮಹಾಪಾಪ. 2017ರ ಪ್ಲೇಆಫಲ್ಲಿ ಕವಾಯ್ ಲೆನಾರ್ಡ್ ಪಾದದ ಕೀಲು ಹಾಗೇ ಉಳುಕಿದ್ದು, ಮುಂದಿನ ಸೀಸನ್‌ನಿಂದ ರೆಫ್ರಿಗಳು ಅದನ್ನ ರೀಪ್ಲೇ ನೋಡಿ ಫ್ಲೇಗ್ರಂಟ್ (ಅಪಾಯದ ಆಟಕ್ಕೆ ಕೊಡೋ ದೊಡ್ಡ ಫೌಲ್) ಕೊಡೋ ಹಾಗಾಯ್ತು.

ಸ್ಟೆಪ್ 5. ಪೇಂಟ್ (ಬ್ಯಾಸ್ಕೆಟ್ ಮುಂದಿನ ಆಯತದ ಜಾಗ) ಒಳಗೆ ನಿಂತಿರೋ ಉದ್ದನೆ ಆಸಾಮಿಯ ಕಾಲು ನೋಡ್ತಾ ಒಂದು, ಎರಡು, ಮೂರು ಎಣಿಸಿ. ಎದುರಾಳಿ ಯಾರೂ ಕೈಗೆಟುಕೋ ದೂರದಲ್ಲಿ ಇಲ್ಲದೇ ಅಲ್ಲೇ ಟೆಂಟ್ ಹಾಕಿದ್ರೆ ಡಿಫೆನ್ಸಿವ್ ತ್ರೀ ಸೆಕೆಂಡ್ಸ್, ಎದುರಿನವರಿಗೆ ಒಂದು ಫ್ರೀ ಥ್ರೋ, ಬಾಲೂ ಅವರದೇ. 2001ರಲ್ಲಿ ಜೋನ್ ಡಿಫೆನ್ಸ್‌ಗೆ (ಒಬ್ಬ ಆಟಗಾರನನ್ನಲ್ಲ, ಒಂದು ಜಾಗ ಕಾಯೋದು) ಪರ್ಮಿಷನ್ ಕೊಟ್ಟಾಗ ಜೊತೆಗೆ ಹಾಕಿದ ಬೇಲಿ ಇದು. ರೂಡಿ ಗೋಬೇರ್ ನಾಲ್ಕು ಸಲ ಬೆಸ್ಟ್ ಡಿಫೆಂಡರ್ ಪ್ರಶಸ್ತಿ ತಗೊಂಡಿದಾನೆ, ಅವನ ಪಾದ ನೋಡಿ, ಒಂದು ಹೆಜ್ಜೆ ಹೊರಗಿಡ್ತಾನೆ, ಮತ್ತೆ ಒಳಗೆ ಬರ್ತಾನೆ, ಕುಂಟೆಬಿಲ್ಲೆ ಆಡೋ ಹುಡುಗಿ ಥರ.

ಸ್ಟೆಪ್ 6. ಇದನ್ನೆಲ್ಲ ಕಲಿತು ನಮ್ಮೂರ ಕೋರ್ಟಿಗೆ ಹೋಗೋರು ಹುಷಾರು. ಇಲ್ಲಿ ನಡೆಯೋದು ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ರೂಲು, ಐದು ಫೌಲಿಗೇ ಔಟು, ಅರ್ಧಚಂದ್ರ 1.25 ಮೀಟರು, ಡಿಫೆನ್ಸಿವ್ ತ್ರೀ ಸೆಕೆಂಡ್ಸ್ ಇಲ್ಲವೇ ಇಲ್ಲ. ಹೋದ ವರ್ಷ ಒಂದು ಲೇಔಟ್ ಟೂರ್ನಮೆಂಟಲ್ಲಿ ಆ ಕಾಫಿ ಫ್ರೆಂಡ್ಸ್ ಇಬ್ಬರಲ್ಲಿ ಒಬ್ಬ ಬೆಂಚಿಂದ ಎದ್ದು "ಸರ್, ತ್ರೀ ಸೆಕೆಂಡ್ಸ್, ತ್ರೀ ಸೆಕೆಂಡ್ಸ್" ಅಂತ ಐದು ಸಲ ಕೂಗಿದ. ಆರನೇ ಸಲಕ್ಕೆ ರೆಫ್ರಿ ತಿರುಗಿ ನಮ್ಮ ಬೆಂಚಿಗೇ ಟೆಕ್ನಿಕಲ್ (ಅಶಿಸ್ತಿಗೆ ಕೊಡೋ ಫೌಲ್) ಕೊಟ್ರು.